ಕರೂರಿನವಳ ಕೈಯಡುಗೆ

ಜುಲೈ 2, 1978. ಭಾನುವಾರ. ಸಿರುಗುಪ್ಪ

ಇವತ್ತು ಮಧ್ಯಾಹ್ನ ರೊಟ್ಟಿಯ ಎರಡನೆಯ ತುತ್ತು ಗಂಟಲಲ್ಲಿ ನಿಂತುಬಿಟ್ಟಿತು. ನೀರು ಕುಡಿದೆ, ಇಳಿಯಲಿಲ್ಲ. ಮತ್ತೆ ಕುಡಿದೆ. ಎದುರಿಗೆ ಕೂತಿದ್ದ ತಮ್ಮ ಮರಿಬಸಪ್ಪ ಗಾಬರಿಯಾಗಿ ಬೆನ್ನು ತಟ್ಟಿದ. ಅವನ ಹೆಂಡತಿ ಹಂಪಮ್ಮ ಮಾತ್ರ ಒಲೆಯ ಹತ್ತಿರದಿಂದ ಏಳದೆ ನನ್ನ ಗಂಟಲನ್ನೇ ನೋಡುತ್ತಿದ್ದಳು. ಏನೋ ಆಗಲೆಂದು ಕಾಯುವವರು ಹಾಗೆ ನೋಡುತ್ತಾರೆ.

ಈ ಮನೆ ನಡೆಸಿಕೊಂಡು ಬಂದವಳು ನಾನು. ಮದುವೆಯಾದ ಎರಡನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದೆ. ಅವ್ವ, ಅಪ್ಪ ಹೋದ ಮೇಲೆ ಹತ್ತು ವರ್ಷದ ತಮ್ಮನನ್ನು ಸಾಕಿ, ಓದಿಸಿ, ಅಕ್ಕಿ ಗಿರಣಿಯಲ್ಲಿ ಮಿಷನ್ ಕೆಲಸಕ್ಕೆ ಹಚ್ಚಿದೆ. ಇಪ್ಪತ್ತೆರಡು ವರ್ಷದಿಂದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ವೀರಭದ್ರಮ್ಮ ಟೀಚರ್ ಅಂದರೆ ಈ ಊರಲ್ಲಿ ಗೊತ್ತಿಲ್ಲದವರಿಲ್ಲ. ಎರಡು ವರ್ಷದ ಹಿಂದೆ ಕರೂರಿಗೆ ಹೋಗಿ ಈ ಹುಡುಗಿಯನ್ನು ನೋಡಿ ತಂದವಳೂ ನಾನೇ. ಈ ಸಲದ ಯುಗಾದಿಯಿಂದ ಒಲೆ ಅವಳ ಕೈಗೆ ಹೋಗಿದೆ. ಯುಗಾದಿಯಿಂದಲೇ ನನ್ನ ಬಾಯಿ ಒಣಗುತ್ತಿದೆ.

ಬರೆದಿಟ್ಟಿರುತ್ತೇನೆ, ಅಷ್ಟೆ.

ಜುಲೈ 11. ಮಂಗಳವಾರ

ಐದನೇ ತರಗತಿಯಲ್ಲಿ ಪಾಠ ಓದುವಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಬಿಡಿಸಿಕೊಂಡಾಗ ಟಕ್ ಎಂದು ಸದ್ದಾಯಿತು. ಹುಡುಗಿಯರು ನಕ್ಕರು. ಇನ್ನು ಮೇಜಿನ ಮೇಲೆ ನೀರಿನ ಚೊಂಬು ಇಟ್ಟುಕೊಳ್ಳಬೇಕು.

ಮನೆಗೆ ಬಂದರೆ ಒಲೆಯ ಪಕ್ಕ ಒಂದು ಸಣ್ಣ ಪಾತ್ರೆ ಬೇರೆ ಮುಚ್ಚಿಟ್ಟಿತ್ತು. ಏನದು ಎಂದೆ.

"ನಿಮಗ ಅಕ್ಕಾರ. ಅನ್ನ ಮೆತ್ತಗ ಬೇಯಿಸಿ ಮಜ್ಜಿಗಿ ಹಾಕಿ ಕಲಸೀನಿ. ರೊಟ್ಟಿ ನಿಮಗ ಇಳಿಯಾಕ ಒಲ್ಲದು" ಅಂದಳು ಕರೂರಿನವಳು.

ಎಲ್ಲರಿಗೂ ಒಂದು ಪಾತ್ರೆಯಾದರೆ ನನಗೊಬ್ಬಳಿಗೆ ಬೇರೆ ಯಾಕೆ? ಸಂಜೆ ಎದುರುಮನೆ ಜಂಬಮ್ಮನಿಗೆ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ಟೀಚರಮ್ಮಾರ, ಒಬ್ಬರಿಗೇ ಬ್ಯಾರೆ ಅಡಗಿ ಅಂದ್ರ ಏನ್ ತಿಳಕಬೇಕ್ರಿ? ನಮ್ಮತ್ತಿನೂ ಹಿಂಗ ಬಾಯಿ ಒಣಗಿ ಒಣಗಿ ಹೋದ್ಲು. ಊಟದಾಗ ಮದ್ದು ಹಾಕಿದ್ರು. ಕೂಡ್ಲೆ ಕೊಲ್ಲೂದಿಲ್ಲ ಅದು. ಒಳಗ ಕುಂತು ಹಿಂಡತೈತಿ."

ನಾನು ಏಳನೇ ತರಗತಿಗೆ ವಿಜ್ಞಾನ ಹೇಳುವವಳು. ಮದ್ದು, ಮಾಟ ನಂಬುವವಳಲ್ಲ. ಆದರೂ ಆ ಅನ್ನವನ್ನು ಹಿತ್ತಲ ಬಾಳೆಯ ಬುಡಕ್ಕೆ ಸುರಿದೆ.

ಜುಲೈ 17. ಸೋಮವಾರ

ಪರೀಕ್ಷೆ ಮಾಡಿದೆ. ಮೂರು ದಿನದ ಹಿಂದೆ ನನ್ನ ಪಾತ್ರೆಯನ್ನು ಕರೂರಿನವಳ ಮುಂದೆ ತಳ್ಳಿ, "ಇವತ್ತು ಇದನ್ನು ನೀನು ಉಣ್ಣು" ಅಂದೆ. ಮೊದಲು ಬೆಪ್ಪಾದಳು, ಆಮೇಲೆ ನಕ್ಕು, ತಳ ಕಾಣುವ ತನಕ ಉಂಡಳು. ಉಪ್ಪು ಕಡಿಮೆಯಾಗಿದೆ ಎಂದು ತನ್ನನ್ನೇ ಬೈದುಕೊಂಡಳು. ಮೂರು ದಿನ ಕಾದೆ. ಅವಳಿಗೆ ಏನೂ ಆಗಲಿಲ್ಲ.

ಜಂಬಮ್ಮ ಹೇಳುತ್ತಾಳೆ, ಹಾಕಿದವರಿಗೆ ಅದು ತಗಲುವುದಿಲ್ಲವಂತೆ. ಮೊದಲೇ ಯಾವುದೋ ಬೇರು ತಿಂದಿರುತ್ತಾರಂತೆ. ಹಾಗಾದರೆ ಅವಳು ನಕ್ಕದ್ದು ಯಾಕೆಂದು ತಿಳಿಯಿತು.

ಆಗಸ್ಟ್ 13. ಭಾನುವಾರ

ನನ್ನ ಅಡುಗೆ ನಾನೇ ಮಾಡಿಕೊಳ್ಳಲು ಹಿಡಿದು ಇಪ್ಪತ್ತೈದು ದಿನವಾಯಿತು. ಯಾಕೆಂದು ಅವಳು ಕೇಳಲೂ ಇಲ್ಲ. ನಾನು ಶಾಲೆಯಿಂದ ಬರುವ ಹೊತ್ತಿಗೆ ಒಲೆ ಸಾರಿಸಿ, ಸೌದೆ ಒಡೆದಿಟ್ಟು, ಆಚೆ ಹೋಗಿ ಕೂತಿರುತ್ತಾಳೆ. ತಪ್ಪು ಮಾಡದವರು ಕೇಳುತ್ತಿದ್ದರು.

ಬಾಯಿ ಇನ್ನೂ ಒಣಗಿದೆ. ಈಗ ಕಣ್ಣೂ ಸೇರಿದೆ. ಗಿರಣಿ ರಸ್ತೆಯಲ್ಲಿ ಭತ್ತದ ಲಾರಿ ಹಾದುಹೋದ ಮೇಲೆ ಉಸುಕು ಹೊಕ್ಕ ಹಾಗೆ ದಿನವಿಡೀ ಚುಚ್ಚುತ್ತದೆ. ಹೊರಗಿನಿಂದ ಹೋಗುವುದು ನಿಂತರೂ ಕಡಿಮೆಯಾಗಿಲ್ಲ ಅಂದರೆ, ಒಳಗೆ ಹೋದದ್ದು ಬೇರು ಬಿಟ್ಟಿದೆ ಎಂದೇ ಅರ್ಥ.

ಆಗಸ್ಟ್ 20. ಭಾನುವಾರ

ಕುರುಗೋಡಿಗೆ ಹೋಗಿಬಂದೆ. ಜಂಬಮ್ಮ ಜೊತೆಗಿದ್ದಳು. ಗುಡ್ಡದ ಬುಡದಲ್ಲಿ ಉಚ್ಚೆಂಗೆಪ್ಪ ಎಂಬವನು ಮದ್ದು ತೆಗೆಯುತ್ತಾನೆ. ಹಸಿರು ರಸ ಒಂದು ಲೋಟ ಕುಡಿಸಿದ. ಕರುಳು ಕಿತ್ತು ಬರುವ ಹಾಗೆ ವಾಂತಿಯಾಯಿತು. ಅವನು ಬೋಗುಣಿಯಲ್ಲಿ ಕೈಯಾಡಿಸಿ, ಅಡಿಕೆಯಷ್ಟು ಗಾತ್ರದ ಕಪ್ಪು ಉಂಡೆಯೊಂದನ್ನು ಎತ್ತಿ ತೋರಿಸಿದ. ಕೂದಲು ಸುತ್ತಿಕೊಂಡಿತ್ತು.

"ಹೆಣ್ಣಿನ ಕೂದಲ. ಮನಿಯಾಕಿದ" ಅಂದ.

ನನ್ನ ತಲೆ ಅರ್ಧ ನರೆತಿದೆ. ಇದು ಕಪ್ಪು, ಉದ್ದ. ಇನ್ನೇನು ಬೇಕು? ಪಾಪ, ತುಂಬು ತೋಳಿನ ಅಂಗಿಯನ್ನು ಮಡಚಿಕೊಳ್ಳದೆಯೇ ಕೈ ಇಳಿಸಿದ್ದರಿಂದ ಅವನ ತೋಳು ಮೊಣಕೈ ತನಕ ತೊಯ್ದುಹೋಗಿತ್ತು. ಬರುವಾಗ ಬಸ್ಸಿನಲ್ಲಿ ಬಾಯಿ ತುಸು ಹಸಿಯಾದಂತೆ ಇತ್ತು.

ಆಗಸ್ಟ್ 21. ಸೋಮವಾರ

ಶಾಲೆಗೆ ರಜೆ ಹಾಕಿದೆ. ಉಂಡೆಯನ್ನು ಕಾಗದದಲ್ಲಿಟ್ಟು ಹೊಸ್ತಿಲ ಮೇಲೆ ಬಿಚ್ಚಿದೆ. ಜಂಬಮ್ಮ ಕರೆದಳೋ ತಾವಾಗಿಯೇ ಬಂದರೋ, ಓಣಿಯೆಲ್ಲ ನಮ್ಮ ಮನೆಯ ಕಟ್ಟೆಯ ಮುಂದೆ ಸೇರಿತ್ತು.

ಕರೂರಿನವಳು ಉಂಡೆಯನ್ನು ನೋಡಿದಳು, ನನ್ನನ್ನು ನೋಡಿದಳು. "ನಾ ಯಾಕ ಹಾಕ್ಲಿ ಅಕ್ಕಾರ? ನಿಮಗ ನುಂಗಾಕ ಬರವಲ್ದು ಅಂತ ಬ್ಯಾರೆ ಮಾಡೀನಿ."

"ಬೇರೆ ಮಾಡಿದ್ದನ್ನು ಒಪ್ಪಿದಳು, ಕೇಳಿದಿರಾ?" ಎಂದು ಎಲ್ಲರಿಗೂ ಹೇಳಿದೆ.

ಅವಳು ಗಂಡನ ಕಡೆ ತಿರುಗಿದಳು. "ನೀವಾರ ಹೇಳ್ರಿ." ಮರಿಬಸಪ್ಪ ನೆಲ ನೋಡಿದ. ಅವನು ಯಾವತ್ತೂ ನನ್ನ ಮಾತು ಮೀರಿದವನಲ್ಲ.

ಮಧ್ಯಾಹ್ನದ ಬಸ್ಸಿಗೆ ತಗಡಿನ ಪೆಟ್ಟಿಗೆ ಹೊತ್ತುಕೊಂಡು ಹೋದಳು. ಓಣಿಯ ಉದ್ದಕ್ಕೂ ಅತ್ತಳು, ರವಿಕೆಯ ಎದೆ ತೊಯ್ಯುವ ಹಾಗೆ. ಅಷ್ಟು ಕಣ್ಣೀರು ಎಲ್ಲಿಂದ ಬರುತ್ತದೋ! ನಾಟಕವಲ್ಲದೆ ಮತ್ತೇನು?

ಸೆಪ್ಟೆಂಬರ್ 10. ಭಾನುವಾರ

ಅರ್ಧ ರೊಟ್ಟಿ ತಿಂದೆ. ವಾಸಿಯಾಗುತ್ತಿದೆ, ಅನುಮಾನವಿಲ್ಲ.

ಸೆಪ್ಟೆಂಬರ್ 16. ಶನಿವಾರ

ಆಗುತ್ತಿಲ್ಲ.

ಅಕ್ಟೋಬರ್ 22. ಭಾನುವಾರ

ಎರಡೂ ಕಿವಿಗಳ ಕೆಳಗೆ ಕೆನ್ನೆ ಊದಿಕೊಂಡಿದೆ. ಉಬ್ಬಿದ ಕೆನ್ನೆ ನೋಡಿ ಹುಡುಗಿಯರು ನನಗೆ ಬುಗ್ಗಿ ಟೀಚರ್ ಎಂದು ಹೆಸರಿಟ್ಟಿದ್ದಾರೆ. ನೆನೆಸಿದ ಮಂಡಕ್ಕಿ ತಿನ್ನುವಾಗ ಮುಂದಿನ ಹಲ್ಲು ಚೂರಾಗಿ ಕೈಗೆ ಬಂತು. ಮಂಡಕ್ಕಿಗೆ ಮುರಿಯುವ ಹಲ್ಲು! ಬೆರಳ ಗೆಣ್ಣು ನೋಯುತ್ತದೆ. ಸೀಮೆಸುಣ್ಣ ಹಿಡಿದರೆ ಜಾರುತ್ತದೆ.

ಕರೂರಿನವಳು ಹೋಗಿ ಎರಡು ತಿಂಗಳಾಯಿತು. ಹಾಗಾದರೆ ಯಾರು?

ಜಂಬಮ್ಮ ದಿನಾ ಮೊಸರು ಕೊಡುತ್ತಾಳೆ. ಕುರುಗೋಡಿನ ದಾರಿಯನ್ನು ಅಷ್ಟು ಹುರುಪಿನಿಂದ ತೋರಿಸಿದವಳೂ ಅವಳೇ. ಮೊಸರು ಬಿಟ್ಟೆ. ಮರಿಬಸಪ್ಪ ಈಗ ಭಾನುವಾರ ಗಿರಣಿಗೆ ರಜೆ ಇದ್ದರೂ ಮನೆಯಲ್ಲಿರುವುದಿಲ್ಲ. ಅಂಗಿಗೆ ಹಸಿ ಹುಲ್ಲಿನ ವಾಸನೆ ಹತ್ತಿಕೊಂಡು ಬರುತ್ತಾನೆ. ಕರೂರಿಗೆ ಹೋಗುತ್ತಿದ್ದಾನೆ. ಅಲ್ಲಿಂದ ಏನು ತರುತ್ತಾನೋ ಯಾರಿಗೆ ಗೊತ್ತು? ಬಿಂದಿಗೆಗೆ ಬೀಗ ಹಾಕಲು ಬರುವುದಿಲ್ಲ. ಆದ್ದರಿಂದ ಬಿಂದಿಗೆ ಇರುವ ಕೋಣೆಗೆ ಹಾಕಿದೆ.

ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡದ್ದನ್ನು ಅವನು ನೋಡಿದ.

ನವೆಂಬರ್ 14. ಮಂಗಳವಾರ. ಬಳ್ಳಾರಿ

ನಿನ್ನೆ ಬೆಳಗ್ಗೆ ಕಣ್ಣಿನ ರೆಪ್ಪೆ ಬಿಡಿಸಿಕೊಳ್ಳಲು ಆಗಲಿಲ್ಲ. ಹೆಡ್‌ಮಿಸ್ಟ್ರೆಸ್ ಬೈದು ಬಳ್ಳಾರಿಗೆ ಕಳಿಸಿದರು. ಸತ್ಯನಾರಾಯಣಪೇಟೆಯಲ್ಲಿ ನಮ್ಮ ದೊಡ್ಡಪ್ಪನ ಮಗಳ ಮನೆಯಲ್ಲಿ ಇಳಿದಿದ್ದೇನೆ. ನೀರು ಮಾತ್ರ ನನ್ನ ಚೊಂಬಿನದೇ ಕುಡಿಯುತ್ತೇನೆ.

ಆಸ್ಪತ್ರೆಯ ಕಣ್ಣಿನ ಡಾಕ್ಟರಮ್ಮ ಎರಡು ಕಾಗದದ ಪಟ್ಟಿಗಳನ್ನು ಮಡಚಿ ಕೆಳರೆಪ್ಪೆಗೆ ಸಿಕ್ಕಿಸಿದರು. ಐದು ನಿಮಿಷ ಕಣ್ಣು ಮುಚ್ಚಿ ಕೂಡಬೇಕು. ಕಣ್ಣೀರು ಕಾಗದವನ್ನು ಎಷ್ಟು ತೋಯಿಸುತ್ತದೆ ಎಂದು ನೋಡುತ್ತಾರಂತೆ. ತೆಗೆದರೆ ಎರಡೂ ಒಣಗೇ ಇದ್ದವು.

"ಅಳು ಬಂದ್ರ ನೀರು ಬರ್ತಾವೇನ್ರಿ ಟೀಚರ್?"

"ನಾನು ಅಳುವವಳಲ್ಲ" ಅಂದೆ.

ಕಾಗದಕ್ಕೆ ಮೊದಲೇ ಏನಾದರೂ ಸವರಿದ್ದರೋ ಏನೋ. ಆಮೇಲೆ ಕೆಳತುಟಿಯ ಒಳಗೆ ಸೂಜಿ ಹಾಕಿ, ಸಾಸಿವೆ ಕಾಳಿನಷ್ಟು ಚೂರುಗಳನ್ನು ಕತ್ತರಿಸಿ ಸೀಸೆಯಲ್ಲಿ ಹಾಕಿಕೊಂಡರು. ಎರಡು ಹೊಲಿಗೆ ಬಿತ್ತು. ಮುಂದಿನ ವಾರ ಬರಬೇಕಂತೆ. ನನ್ನ ಮೈಯ ಚೂರು ಇವರಿಗೆ ಯಾಕೆ ಬೇಕು ಎಂದು ಕೇಳಿಯೇಬಿಟ್ಟೆ. "ಸೂಕ್ಷ್ಮದರ್ಶಕದಾಗ ನೋಡ್ತಾರ್ರಿ" ಅಂದರು. ನೋಡುವಾಗ ನಾನೂ ಇರುತ್ತೇನೆ ಎಂದು ಹೇಳಿಬಂದೆ.

ನವೆಂಬರ್ 23. ಗುರುವಾರ. ಬಳ್ಳಾರಿ

ಸೂಕ್ಷ್ಮದರ್ಶಕ ನೋಡುವ ಡಾಕ್ಟರ ಹೆಸರು ಚಿದಾನಂದಪ್ಪ. ವಯಸ್ಸು ಮೂವತ್ತೈದು ಇರಬಹುದು. ಬೇರೆಯವರ ಚೂರು ಅಂಟಿಸಿದ ಗಾಜು ತೋರಿಸಿ ನನ್ನದೆಂದು ಹೇಳಿದರೆ ನನಗೇನು ಗೊತ್ತಾಗುತ್ತದೆ? ಚೀಟಿಯ ಮೇಲೆ ನನ್ನ ಹೆಸರು, ತಾರೀಖು ಎರಡು ಸಲ ಓದಿದೆ. ಅವರು ಸಿಟ್ಟಾಗಲಿಲ್ಲ. ಕಣ್ಣಿಗೆ ಹನಿ ಹಾಕಿಸಿ ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದರು.

ಗುಲಾಬಿ ಬಣ್ಣದ ಬಯಲು ಕಂಡಿತು. ಅಲ್ಲಲ್ಲಿ ದ್ರಾಕ್ಷಿಗೊನೆಯಂಥ ಗುಂಪುಗಳಿದ್ದವು. ಉಗುಳು ಹುಟ್ಟುವುದು ಅಲ್ಲೇ ಅಂತೆ. ಗೊನೆಗಳ ನಡುವೆ ರಾಶಿ ರಾಶಿಯಾಗಿ ಕಡುನೀಲಿ ಚುಕ್ಕೆಗಳು, ರಾಗಿ ಚೆಲ್ಲಿದ ಹಾಗೆ. ಒಂದು ರಾಶಿಯ ನಡುವೆ ದುಂಡಗೆ ತಿಳಿಬಣ್ಣದ ಜಾಗವಿತ್ತು. ಅದರ ಸುತ್ತ ಗೊನೆಗಳು ಅಳಿದುಹೋಗಿದ್ದವು.

"ಆ ಚುಕ್ಕಿ ಬಿಳಿ ರಕ್ತಕಣ" ಅಂದರು. "ಕಂಕುಳದಾಗ, ಗಂಟಲದಾಗ ಸಣ್ಣ ಗಂಟು ಇರತಾವಲ್ರಿ, ಅಲ್ಲಿ ಹಿಂಗ ಗುಂಪಾಗಿ ಕುಂದರತಾವ. ರೋಗ ಬಂದ್ರ ಹೊಡಿಯಾಕ. ನಡುವ ತಿಳಿ ಕಾಣತೈತಲ್ಲ, ಅಲ್ಲಿ ಹೊಸವು ತಯಾರಾಗತಾವ. ಆದ್ರ ಅಂಥಾ ಗಂಟು ತುಟಿಯೊಳಗ ಇರಬಾರದು. ನಿಮ್ಮಲ್ಲಿ ಇರಬಾರದ ಜಾಗದಾಗ ಕಟ್ಟಿಕೊಂಡಾವ."

"ಹೊರಗಿಂದ ಯಾರಾದರೂ ಹಾಕಿದ್ದರೆ?"

"ಯಾರೂ ಹಾಕಾಕ ಬರೂದಿಲ್ರಿ. ಇವು ನಿಮ್ಮವ. ವೈರಿ ಹೊಕ್ಕಾನ ಅಂತ ತಿಳಕೊಂಡು ಬಂದು ಕುಂತಾವ. ವೈರಿ ಇಲ್ಲ. ನಿಮ್ಮ ಉಗುಳಿನ ಗ್ರಂಥಿನ, ಕಣ್ಣೀರಿನ ಗ್ರಂಥಿನ ವೈರಿ ಅಂತ ಬಡಿಯಾಕತ್ತಾವ. ಷೋಗ್ರೆನ್ ಅಂತ ಇದರ ಹೆಸರು."

"ಯಾಕೆ ಹಾಗೆ ತಿಳಿದುಕೊಂಡವು?"

"ಅದು ನಮಗೂ ಗೊತ್ತಿಲ್ರಿ."

ಗೊತ್ತಿಲ್ಲ ಎನ್ನುವ ಡಾಕ್ಟರನ್ನು ಇದೇ ಮೊದಲು ನೋಡಿದ್ದು. ಇದು ಶುರುವಾಗಿ ಎಷ್ಟು ದಿನವಾಗಿರಬಹುದು ಎಂದು ಕೇಳಿದೆ.

"ತಾರೀಖು ಹೇಳಾಕ ಬರೂದಿಲ್ಲ. ಇಷ್ಟು ಗೊನಿ ಹಾಳಾಗಬೇಕಂದ್ರ ಒಂದೆರಡು ವರ್ಷದ ಮಾತಲ್ಲ. ನಾಕು, ಐದು ಅನ್ರಿ."

ವಾಸಿಯಾಗುವುದಿಲ್ಲವಂತೆ, ಸಂಭಾಳಿಸಬಹುದಂತೆ. ಕಣ್ಣಿಗೆ ದಿನಕ್ಕೆ ಆರು ಸಲ ಹನಿ, ಮೆತ್ತಗಿನ ಊಟ, ಮೇಲಿಂದ ಮೇಲೆ ನೀರು. ಮೆತ್ತಗಿನ ಅನ್ನಕ್ಕೆ ಮಜ್ಜಿಗೆ ಕಲಸಿ ಉಂಡರೆ ಒಳ್ಳೆಯದು ಎಂದು ಅವರೇ ಹೇಳಿದರು. ಕೆನ್ನೆಯ ಊತ ಕಲ್ಲಿನ ಹಾಗೆ ಗಟ್ಟಿಯಾದರೆ ತಡಮಾಡದೆ ಬರಬೇಕು. ಕೆಲವರಲ್ಲಿ ಆ ಗುಂಪು ಕ್ಯಾನ್ಸರ್‌ಗೆ ತಿರುಗುವುದುಂಟಂತೆ.

ಹಂಪಮ್ಮ ನಮ್ಮ ಮನೆಗೆ ಬಂದು ಎರಡೇ ವರ್ಷ.

ನವೆಂಬರ್ 25. ಶನಿವಾರ

ಡಾಕ್ಟರು ಅಂದಾಜು ಹೇಳಿರಬಹುದು ಎಂದುಕೊಂಡು ಹಳೆಯ ದಿನಚರಿ ಪುಸ್ತಕಗಳನ್ನು ತೆಗೆದೆ. 1974ರದ್ದು, ನನ್ನದೇ ಅಕ್ಷರ: "ರೊಟ್ಟಿ ಗಂಟಲಿಗೆ ಹಿಡಿಯುತ್ತಿದೆ. ಈ ಸಲದ ಜೋಳ ಸರಿಯಿಲ್ಲ." ಮಾರನೇ ವರ್ಷದ್ದು: "ಎರಡು ದವಡೆಹಲ್ಲು ಕೀಳಿಸಿದೆ. ಕಣ್ಣುರಿ. ಹೊಗೆ ಇರಬೇಕು." ಆಗ ಅಡುಗೆ ನನ್ನದೇ.

ತಪ್ಪನ್ನು ಜೋಳದ ಮೇಲೆ ಹಾಕಿದ್ದೇನೆ, ಹೊಗೆಯ ಮೇಲೆ ಹಾಕಿದ್ದೇನೆ. ಆಗ ಮನೆಯಲ್ಲಿ ಹೊರಿಸಲು ಇನ್ನೊಬ್ಬಳು ಇರಲಿಲ್ಲ.

ನವೆಂಬರ್ 30. ಗುರುವಾರ

ಮರಿಬಸಪ್ಪನಿಗೆ ಹೇಳಬೇಕು.

ಡಿಸೆಂಬರ್ 9. ಶನಿವಾರ

ಹೇಳಲಿಲ್ಲ. ಡಾಕ್ಟರು ಏನಂದರು ಎಂದು ಅವನು ಕೇಳಿದ. ಕಣ್ಣಿಗೆ ಹನಿ ಕೊಟ್ಟಿದ್ದಾರೆ ಅಂದೆ. ಅದು ಸುಳ್ಳಲ್ಲ. ಓಣಿಯ ಮುಂದೆ ಆಡಿದ ಮಾತನ್ನು ನುಂಗುವುದು ಹೇಗೆ? ಇನ್ನು ಶಾಲೆಯಲ್ಲಿ ಯಾವ ಹುಡುಗಿ ನನ್ನ ಮಾತು ಕೇಳುತ್ತಾಳೆ?

ನೀರಿನ ಕೋಣೆಯ ಬೀಗ ತೆಗೆದೆ.

ಡಿಸೆಂಬರ್ 17. ಭಾನುವಾರ

ಮರಿಬಸಪ್ಪ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದ. "ಕರೂರಿಗೇನೋ?" ಅಂದೆ. ಬಾಗಿಲಿಗೆ ಅಡ್ಡ ನಿಂತು ಎಲ್ಲ ಹೇಳಿದೆ. ಗಾಜಿನಲ್ಲಿ ನೋಡಿದ್ದು, ನಾಲ್ಕೈದು ವರ್ಷದ ಮಾತು, ಹಳೆಯ ಪುಸ್ತಕ. ಬಳ್ಳಾರಿಯಿಂದ ಬಂದು ಮೂರು ವಾರ ಸುಮ್ಮನಿದ್ದದ್ದನ್ನೂ ಹೇಳಿದೆ.

ಅವನು ಚಪ್ಪಲಿ ಬಿಚ್ಚಿ ಕೂತ. "ನೀನಾರ ಜಡ್ಡಿನಾಕಿ ಅಕ್ಕ. ನನಗೇನಾಗಿತ್ತು?" ಅಂದ.

ಅವನು ನನಗೆ ಬೈದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 24. ಭಾನುವಾರ. ಕರೂರಿನಿಂದ ಬಂದ ಮೇಲೆ

ಬಸ್ಸಿನಿಂದ ಇಳಿದಾಗ ಹಂಪಮ್ಮ ಗದ್ದೆಯಲ್ಲಿದ್ದಳು, ಕೂಲಿಯವರ ಸಾಲಿನಲ್ಲಿ ಭತ್ತ ಕೊಯ್ಯುತ್ತಿದ್ದಳು. ಕುಡುಗೋಲು ಹಿಡಿದೇ ಬದುವಿಗೆ ಬಂದಳು. ಕಪ್ಪಗಾಗಿದ್ದಾಳೆ. "ಬರ್ರಿ" ಎಂದು ಮನೆಗೆ ಕರೆದುಕೊಂಡು ಹೋದಳು.

ತಟ್ಟೆಗೆ ಅನ್ನ, ಮಜ್ಜಿಗೆ ಹಾಕಿ ಮೆತ್ತಗೆ ಹಿಸುಕಿದಳು. ನನ್ನ ಮುಂದೆ ಇಡುವ ಮೊದಲು ಅದರಿಂದಲೇ ಒಂದು ತುತ್ತು ತಾನು ತಿಂದಳು.

"ನೋಡ್ರಿ, ನುಂಗೀನಿ. ಈಗ ಉಣ್ರಿ."

ನನಗೆ ಅಳು ಬಂತು. ನಿಜವಾಗಿ ಬಂತು. ಕಣ್ಣು ಉರಿಯಿತು, ನೀರು ಬರಲಿಲ್ಲ. ತಪ್ಪಾಯಿತು ಅಂದೆ. ಅವಳು ನನ್ನ ಮುಖವನ್ನು ಹತ್ತಿರದಿಂದ ನೋಡಿದಳು.

"ಬಾಯಿಲೆ ತಪ್ಪಾತು ಅಂತೀರಿ. ಕಣ್ಣಾಗ ಒಂದು ಹನೀನೂ ಇಲ್ಲಲ್ರಿ."

ರೋಗದ ಮಾತು ಹೇಳಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿದೆ. ಅವಳು ನಂಬಿದಳೆಂದು ಅನ್ನಿಸಲಿಲ್ಲ. ನನ್ನ ಮಾತನ್ನು ಅವಳು ಯಾಕೆ ನಂಬಬೇಕು?

"ಇಲ್ಲಿ ನನ್ನ ಮುಂದ ಹೇಳಿದ್ರ ಏನ್ ಬಂತ್ರಿ? ಅವತ್ತು ಎಲ್ಲಿ ನಿಂತು ಹೇಳಿದ್ರಿ, ಅಲ್ಲೇ ನಿಂತು ಹೇಳ್ರಿ. ಆಮ್ಯಾಲೆ ನಾ ಬರೂದು ನೋಡೂಣು."

ತಟ್ಟೆ ಖಾಲಿ ಮಾಡಿ ಎದ್ದೆ.

ಜನವರಿ 7, 1979. ಭಾನುವಾರ

ಕಟ್ಟೆಯ ಮೇಲೆ ನಿಂತು ಹೇಳಿದೆ. ಹಂಪಮ್ಮ ಪೆಟ್ಟಿಗೆಯೊಂದಿಗೆ ಕೆಳಗೆ ನಿಂತಿದ್ದಳು, ಪಕ್ಕದಲ್ಲಿ ಮರಿಬಸಪ್ಪ. ಓಣಿಯವರೆಲ್ಲ ಇದ್ದರು. "ನಾನು ಆಡಿದ್ದು ಸುಳ್ಳು. ಅವಳು ಏನೂ ಹಾಕಿಲ್ಲ. ಇದು ನನ್ನ ಮೈಯಲ್ಲೇ ಹುಟ್ಟಿದ ರೋಗ" ಅಂದೆ. ನಾಲಿಗೆ ಅಂಟಿಕೊಂಡಿತು. ನೀರು ಕುಡಿದು ಮತ್ತೆ ಹೇಳಿದೆ.

ಆಮೇಲೆ ಜಂಬಮ್ಮ ಪಕ್ಕದವಳಿಗೆ ಹೇಳಿದ್ದು ನನಗೂ ಕೇಳಿಸಿತು.

"ಕರೂರಿಗೆ ಹೋಗಿ ಉಂಡು ಬಂದಾರಂತ. ಮತ್ತ ಹಾಕ್ಯಾಳ ನೋಡು. ಈ ಸಲ ತಾ ಹೇಳಿಸಿದಂಗ ಮಾತಾಡೂ ಮದ್ದು."

ನಾಲ್ಕು ಜನ ತಲೆಯಾಡಿಸಿದರು. ನನ್ನ ಬಾಯಿಂದ ಹೊರಟ ಮಾತು ಈಗ ನನ್ನ ಮಾತನ್ನೇ ಕೇಳುವುದಿಲ್ಲ.

ಹಂಪಮ್ಮ ಪೆಟ್ಟಿಗೆ ಎತ್ತಿಕೊಂಡು ಒಳಗೆ ಬಂದಳು. ಒಲೆಯ ಬೂದಿ ತೆಗೆಯುತ್ತ, "ಇನ್ನ ನಿಮಗ ಏನಾದ್ರೂ ನನ್ನ ಹೆಸರ. ಕೆಮ್ಮಿದ್ರೂ ನನ್ನ ಹೆಸರ" ಅಂದಳು. "ಅದಕ್ಕ ನೀವು ಚಲೋ ಇರಬೇಕ್ರಿ ಅಕ್ಕಾರ. ಔಷಧ ಬಿಟ್ರ ನಾ ಸುಮ್ಮನಿರೂದಿಲ್ಲ."

ಜನವರಿ 20. ಶನಿವಾರ

ಬಲಗೆನ್ನೆಯ ಊತ ಗಟ್ಟಿಯಾಗಿದೆ. ಹಂಪಮ್ಮನಿಗೆ ಹೇಳಲಿಲ್ಲ. ಅವಳೇ ಮುಟ್ಟಿ ನೋಡಿ ಮುಖ ಸಣ್ಣದು ಮಾಡಿಕೊಂಡಳು.

ಶಾಲೆಯ ಬಿಳಿ ಹಾಳೆಯ ಮೇಲೆ ಬರೆದೆ: "ವೀರಭದ್ರಮ್ಮನಾದ ನಾನು ಬರೆದುಕೊಟ್ಟದ್ದು. ನಾನು ಸತ್ತರೆ ಅದಕ್ಕೆ ಈ ರೋಗವೇ ಕಾರಣ. ನನ್ನ ತಮ್ಮನ ಹೆಂಡತಿ ಹಂಪಮ್ಮ ಕಾರಣಳಲ್ಲ. ಅವಳ ಮೇಲೆ ನಾನು ಹೊರಿಸಿದ್ದು ಸುಳ್ಳು." ಸಹಿ ಹಾಕಿ ಅವಳ ಕೈಗೆ ಕೊಟ್ಟೆ.

ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಅವಳು ಶಾಲೆಗೆ ಹೋದವಳಲ್ಲ. "ಇದರಾಗ ಏನ್ ಬರದೀರಿ ಅಂತ ನನಗೇನ್ ಗೊತ್ತು?" ಎಂದು ಹಾಳೆಯನ್ನು ವಾಪಸು ಕೊಟ್ಟಳು.

ಓದಿ ಹೇಳುತ್ತೇನೆ ಅಂದೆ. ಬೇಡ ಅಂದಳು. ನನ್ನ ತಮ್ಮ ಓದಿ ಹೇಳುವುದೂ ಬೇಡವಂತೆ. ಸರಿ. ನಾಳೆಯಿಂದ ಅವಳಿಗೆ ಅ, ಆ.

ಫೆಬ್ರವರಿ 15. ಗುರುವಾರ. ಬಳ್ಳಾರಿ

ಕೆನ್ನೆಯಿಂದ ಚೂರು ತೆಗೆದರು. ಹಂಪಮ್ಮ ಜೊತೆಗೆ ಬಂದಿದ್ದಾಳೆ. ಸ್ಲೇಟು ಚೀಲದಲ್ಲಿದೆ. ಬಸ್ಸಿನಲ್ಲಿ ಹೊರಗಿನ ಬೋರ್ಡುಗಳನ್ನೆಲ್ಲ ಕೂಡಿಸಿ ಓದಿದಳು. ಡಾಕ್ಟರ್ ಚಿದಾನಂದಪ್ಪನವರನ್ನು ಬಿಡದೆ ಕೇಳಿದಳು: "ಉಣ್ಣೂದ್ರಿಂದ ಬರತೈತೇನ್ರಿ ಇದು? ಖರೇ ಹೇಳ್ರಿ." ಇಲ್ಲ ಅಂದ ಮೇಲೂ ಇನ್ನೊಮ್ಮೆ ಕೇಳಿದಳು. ಆಮೇಲೆ ತಾನೂ ಆ ಗಾಜು ನೋಡಿದಳು. "ಇವೇನ್ರಿ?" ಎಂದು ಆ ನೀಲಿ ಚುಕ್ಕೆಗಳನ್ನು ಬೈದಳು.

ಮಾರ್ಚ್ 4. ಭಾನುವಾರ

ಕ್ಯಾನ್ಸರ್ ಅಲ್ಲ. ಅದೇ ಗುಂಪು ದೊಡ್ಡದಾಗಿದೆಯಂತೆ. ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು. ಇವತ್ತಿಗೆ ಅಲ್ಲ, ಮುಂದಿನದು ಹೇಳಲಾಗದು ಅಂದರು ಡಾಕ್ಟರು. ಅವರ ಆ ಮಾತು ಈಗ ನನಗೆ ಹಿಡಿಸುತ್ತದೆ.

ಸಂಜೆ ಹಂಪಮ್ಮ ಕಟ್ಟೆಗೆ ಬಂದು ಕೂತು, "ಆ ಹಾಳಿ ತರ್ರಿ" ಅಂದಳು. ತಂದೆ. ಎದುರುಮನೆಯಲ್ಲಿ ಜಂಬಮ್ಮ ಅಕ್ಕಿ ಕೇರುವುದನ್ನು ನಿಲ್ಲಿಸಿದಳು.

ಬೆರಳಿಟ್ಟು ಜೋರಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಎರಡನೇ ಸಾಲಿಗೆ ಬಂದು ತಡೆದಳು.

"ಸತ್ತರೆ. ಸತ್ತರೆ ಅಂತ ಐತೇನ್ರಿ ಇದು?"

"ಹೌದು."

"ನೀವು ಸತ್ತ ಮ್ಯಾಲೆ ಈ ಹಾಳಿ ಯಾರು ನಂಬತಾರ? ಹೊಡದು ಹಾಕ್ರಿ ಅದನ್ನ. ಇದ್ದು ಹೇಳ್ರಿ. ದಿನಾ ಹೇಳ್ರಿ."

ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದು ಹಾಕಿದೆ. ಅವಳು ಮುಂದುವರಿದಳು. ತನ್ನ ಹೆಸರನ್ನು ಎರಡು ಸಲ ಓದಿದಳು. ಕೊನೆಯ ಮಾತಿಗೆ ಬಂದಳು. "ಸು" ಅಂದಳು. ಒತ್ತಕ್ಷರ ಅವಳಿಗೆ ಇನ್ನೂ ಕಷ್ಟ. ನಾನು ಹೇಳಿಕೊಡಲು ಬಾಯಿ ತೆರೆದೆ.

"ತಡ್ರಿ ಅಕ್ಕಾರ" ಅಂದಳು. "ಇದನ್ನ ನಾನ ಓದತೀನಿ."